ಎರಡು ರಬ್ಬರ್

ಥರ್ಮಾಮೀಟರಿನಲ್ಲಿ ಐವತ್ತೇಳು ಕಂಡಾಗ ನಾನು ಮಾಡಿದ ಮೊದಲ ಕೆಲಸ ಅದರ ಬ್ಯಾಟರಿ ಬದಲಿಸಿದ್ದು. ಯಂತ್ರದ ಮೇಲೆ ಅನುಮಾನ ಬಂದರೆ ಮೊದಲು ಮೀಟರನ್ನು ನೋಡು, ಮೀಟರಿಗೂ ಮೊದಲು ನಿನ್ನನ್ನು ನೋಡಿಕೋ ಎಂದು ನನಗೆ ಕೆಲಸ ಕಲಿಸಿದ ಮೀಟರಣ್ಣ ಹೇಳುತ್ತಿದ್ದರು. ಎರಡನೆಯದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹೊಸ ಬ್ಯಾಟರಿ ಹಾಕಿ, ಲ್ಯಾಪ್‌ಟಾಪನ್ನು ಒಂದು ಬದಿಗೆ ಎತ್ತಿ, ಅದರ ಹೊಟ್ಟೆಗೆ ಮತ್ತೆ ಗುರಿಯಿಟ್ಟೆ. ಐವತ್ತೇಳು ಪಾಯಿಂಟ್ ಎರಡು.

ನಾನು ಕೆಲಸ ಮಾಡುವುದು ಕೊಳ್ಳುವವರಿಗಾಗಿ ಬರುವ ಒಂದು ಮಾಸಪತ್ರಿಕೆಯಲ್ಲಿ. ಮಿಕ್ಸಿ, ಫ್ಯಾನು, ಫೋನು, ಏನೇ ಇರಲಿ, ನಾಲ್ಕೈದು ಕಂಪನಿಗಳದನ್ನು ತಂದು ಅಕ್ಕಪಕ್ಕ ಇಟ್ಟು, ಅಳೆದು, ಯಾವುದು ಮೇಲು ಯಾವುದು ಕೀಳು ಎಂದು ಪಟ್ಟಿ ಹಾಕುತ್ತೇವೆ. ಅಳೆಯುವುದು ನನ್ನ ಕೆಲಸ. ಹಗಲು ಪ್ಯಾಕಿಂಗ್ ಕೆಲಸ ಮಾಡುತ್ತಾ ಸಂಜೆ ತರಗತಿಗಳಲ್ಲಿ ಕಲಿತವಳು ನಾನು. ಹಾಗಾಗಿ ಪ್ರತಿ ಅಂಕಿಯನ್ನೂ ಮೂರು ಸಲ ಅಳೆದು ಬರೆಯುವ ಅಭ್ಯಾಸ. ಹಗಲು ಕಾಲೇಜಿನವರು ಎರಡು ಸಲ ಅಳೆದರೆ ಸಾಕೇನೋ, ನನಗೆ ಸಾಲದು.

ಹನ್ನೊಂದು ದಿನದ ಹಿಂದೆ ಹೊರಬಂದ ಸಂಚಿಕೆಯಲ್ಲಿ ಇದ್ದದ್ದು ಗೇಮ್ ಆಡಲು ಕೊಳ್ಳುವ ಲ್ಯಾಪ್‌ಟಾಪುಗಳ ಹೋಲಿಕೆ. ಐದು ಯಂತ್ರ. ಕಂಪನಿಯ ಹೆಸರು ನೋಡಿ ಮನಸ್ಸು ವಾಲಬಾರದೆಂದು ಹೆಸರಿನ ಮೇಲೆ ಬಣ್ಣದ ಚುಕ್ಕಿ ಅಂಟಿಸುತ್ತೇವೆ. ಒಂದೇ ಆಟವನ್ನು ಐದರಲ್ಲೂ ಒಂದು ಗಂಟೆ ಓಡಿಸಿ, ಪರದೆಯ ಮೇಲೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ, ಎಷ್ಟು ಸದ್ದು, ಎಷ್ಟು ಬಿಸಿ, ಚಾರ್ಜರ್ ಕಿತ್ತರೆ ಎಷ್ಟರ ಮಟ್ಟಿಗೆ ಸೊರಗುತ್ತದೆ, ಎಲ್ಲವನ್ನೂ ಬರೆದಿದ್ದೆ. ಗೆದ್ದದ್ದು ಹಸಿರು ಚುಕ್ಕಿ. ಸೆಕೆಂಡಿಗೆ ತೊಂಬತ್ತೇಳು ಚಿತ್ರ. ತಳದ ಬಿಸಿ ನಲವತ್ತೊಂದು ಡಿಗ್ರಿ. ಅದರ ಕೆಳಗೆ ನನ್ನದೇ ಕೈಯಲ್ಲಿ ಒಂದು ಸಾಲು ಸೇರಿಸಿದ್ದೆ: 'ತೊಡೆಯ ಮೇಲಿಟ್ಟುಕೊಂಡು ಆಡಿದರೂ ತೊಂದರೆಯಿಲ್ಲ.'

ಈಗ ಅದೇ ಹಸಿರು ಚುಕ್ಕಿ, ಅದೇ ಆಟ, ಅದೇ ಕೋಣೆ. ಪರದೆಯ ಮೂಲೆಯ ಅಂಕಿ ಸೆಕೆಂಡಿಗೆ ನಲವತ್ತನಾಲ್ಕು ಚಿತ್ರ. ತಳದಲ್ಲಿ ಐವತ್ತೇಳು.

"ಏನ್ ಮಾಡಿದ್ರಿ ಇದಕ್ಕೆ?" ಎಂದು ಫೋಟೊಗ್ರಾಫರನ್ನು ಕೇಳಿದೆ. ವರ್ಷದ ಗೆಲುವುಗಳ ಪುಟಕ್ಕೆ ಚಿತ್ರ ತೆಗೆಯಲೆಂದು ಅವನು ಬೆಳಗ್ಗೆಯಿಂದ ಅದನ್ನು ಓಡಿಸಿಟ್ಟಿದ್ದ.

"ನಾನೇನ್ ಮಾಡ್ಲಿ ತಾಯಿ? ಕೆಳಗೆ ಕಪ್ಪು ಬಟ್ಟೆ ಹಾಸಿದೆ, ಇಟ್ಟೆ, ಆಟ ಹಚ್ಚಿದೆ. ಅಷ್ಟೇ."

"ಅಷ್ಟೇನಾ?"

"ಹಿಂದುಗಡೆ ಎರಡು ರಬ್ಬರ್ ತುರುಕಿದ್ರಲ್ಲ, ಅದನ್ನ ತೆಗ್ದೆ. ಫೋಟೊದಲ್ಲಿ ಉಬ್ಬುಹಲ್ಲಿನ ಥರ ಕಾಣ್ತಿತ್ತು." ಅವನು ಜೇಬಿನಿಂದ ಅವೆರಡನ್ನೂ ತೆಗೆದು ನನ್ನ ಅಂಗೈಗೆ ಹಾಕಿದ. "ತಗೊಳ್ಳಿ ನಿಮ್ಮ ಆಸ್ತಿ."

ಪೆನ್ಸಿಲ್ ಬರಹ ಅಳಿಸುವ ಎರಡು ರಬ್ಬರ್. ಮೂಲೆ ಸವೆದು ಬೂದು ಬಣ್ಣಕ್ಕೆ ತಿರುಗಿದವು.

ಅವುಗಳ ಕತೆ ಇಷ್ಟೇ. ನಮ್ಮ ಅಳತೆಯ ಮೇಜಿನ ಮೇಲೆ ದಪ್ಪ ಕಂಬಳಿಯಂಥ ಹಾಸು ಇದೆ. ಫ್ಯಾನಿನ ಸದ್ದು ಮರಕ್ಕೆ ತಾಗಿ ದೊಡ್ಡದಾಗದಿರಲಿ ಎಂದು ಮೀಟರಣ್ಣ ಹಾಕಿಸಿದ್ದು. ಆದರೆ ಮೆತ್ತನೆಯ ಹಾಸಿನ ಮೇಲೆ ಇಟ್ಟರೆ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿರುವ ಗಾಳಿಕಿಂಡಿ ಮುಚ್ಚಿಹೋಗುತ್ತದಲ್ಲ, ಅದಕ್ಕೆ ಹಿಂದಿನ ಎರಡು ಮೂಲೆಗೆ ಒಂದೊಂದು ರಬ್ಬರ್ ಇಡಲು ಶುರುಮಾಡಿದರು. ಅವರು ನಿವೃತ್ತರಾದರು, ರಬ್ಬರ್ ಉಳಿಯಿತು. ಐದೂ ಯಂತ್ರಕ್ಕೂ ಅವೇ ರಬ್ಬರ್, ಎಲ್ಲರಿಗೂ ಒಂದೇ ನ್ಯಾಯ ಎಂದುಕೊಂಡಿದ್ದೆ. ಕೋಣೆಯ ಉಷ್ಣತೆ ಬರೆಯುತ್ತಿದ್ದೆ, ಗೋಡೆಯ ಪ್ಲಗ್ಗಿನ ವೋಲ್ಟೇಜು ಬರೆಯುತ್ತಿದ್ದೆ, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನೂ ಬರೆಯುತ್ತಿದ್ದೆ. ರಬ್ಬರನ್ನು ಒಮ್ಮೆಯೂ ಬರೆದಿರಲಿಲ್ಲ. ಕುರ್ಚಿಯ ಕಾಲನ್ನು ಯಾರಾದರೂ ಬರೆಯುತ್ತಾರೆಯೇ, ಹಾಗೆ.

ಉಳಿದ ನಾಲ್ಕೂ ಯಂತ್ರಗಳು ಪಕ್ಕದ ಕಿಂಡಿಗಳಿಂದಲೂ ಉಸಿರಾಡುವಂಥವು. ಹಸಿರು ಚುಕ್ಕಿಯೊಂದೇ ಪೂರ್ತಿ ಹೊಟ್ಟೆಯಿಂದ. ಅದರ ಗೆಲುವೆಲ್ಲ ಆ ಎರಡು ರಬ್ಬರಿನ ಮೇಲೆ ನಿಂತಿತ್ತು.

ಛೆ, ಎಂಥಾ ತಪ್ಪಾಯಿತು, ಸಂಪಾದಕರ ಮುಂದೆ ಹೇಗೆ ಮುಖ ತೋರಿಸಲಿ ಎಂದುಕೊಳ್ಳುವಷ್ಟರಲ್ಲಿ ಎದುರುಮನೆ ಟೈಲರಕ್ಕ ನಿನ್ನೆ ಸಂಜೆ ಮೆಟ್ಟಿಲ ಬಳಿ ಹೇಳಿದ್ದು ನೆನಪಾಯಿತು.

"ನಿಮ್ಮಪ್ಪ ಇಡೀ ಬಸ್ಸನ್ನೇ ತೊಡೆ ಮೇಲೆ ಕೂರಿಸ್ಕೊಂಡು ಸಾಕ್ತಿದಾರೆ ಕಣೇ! ಮೊಮ್ಮಕ್ಕಳನ್ನೂ ಯಾರೂ ಅಷ್ಟು ಮುದ್ದು ಮಾಡಲ್ಲ."

ನಾನು ನಕ್ಕಿದ್ದೆ.

ಥರ್ಮಾಮೀಟರನ್ನು ಮೇಜಿನ ಮೇಲಿಡಲು ಹೋಗಿ ನೆಲಕ್ಕೆ ಬಿಟ್ಟೆ.

ಅಪ್ಪ ಮೂವತ್ತನಾಲ್ಕು ವರ್ಷ ಬಸ್ ಓಡಿಸಿದವರು. ಕೊನೆಗೆ ಬೆನ್ನುಮೂಳೆ ಕೈಕೊಟ್ಟಿತು. ಆಪರೇಷನ್ ಆದಮೇಲೆ ವಾಕರ್ ಹಿಡಿದು ನಡೆಯುವಷ್ಟಾದರೂ ಸೊಂಟದಿಂದ ಕೆಳಗೆ ಸ್ಪರ್ಶ ತಿರುಗಿ ಬರಲಿಲ್ಲ. ಹೋದ ವರ್ಷ ಕಾಲು ತಣ್ಣಗಿದೆಯೆಂದು ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರು. ಎದ್ದಾಗ ಮೀನಖಂಡದ ಚರ್ಮ ಚೀಲಕ್ಕೆ ಅಂಟಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಆ ಗಾಯ ಮಾಯಲು ನಾಲ್ಕು ತಿಂಗಳು ಬೇಕಾಯಿತು. ನಡುವೆ ಕೀವಾಗಿ, ಕಾಲು ಉಳಿಯುವುದೋ ಇಲ್ಲವೋ ಎಂದು ಹದಿನಾರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಬಿಡುಗಡೆಯ ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇವರ ಕಾಲು ಬಾಯಿ ಬಿಟ್ಟು ಹೇಳಲ್ಲಮ್ಮ, ನೀವು ಕಣ್ಣಲ್ಲಿ ಕೇಳ್ಬೇಕು. ಇನ್ನೊಂದು ಸಲ ಹೀಗಾದ್ರೆ ಉಳಿಸಿಕೊಡ್ತೀನಿ ಅಂತ ನಾನು ಮಾತು ಕೊಡಲ್ಲ" ಎಂದಿದ್ದರು. ಅಂದಿನಿಂದ ದಿನಾ ಸಂಜೆ ಟಾರ್ಚು, ಕನ್ನಡಿ ಹಿಡಿದು ಬೆರಳಿನ ಸಂದಿಯಿಂದ ಮೊಣಕಾಲಿನ ತನಕ ನೋಡುತ್ತೇನೆ.

ಮೊಣಕಾಲಿನ ತನಕ. ಅದರಿಂದ ಮೇಲೆ ನೋಡಿದ್ದಿಲ್ಲ. ಅವರು ಅಪ್ಪ, ನಾನು ಮಗಳು; ಇಬ್ಬರಿಗೂ ಸಂಕೋಚ. ಗಾಯ ಆದದ್ದು ಮೀನಖಂಡಕ್ಕೆ ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಬಸ್ ಓಡಿಸುವ ಆಟವೊಂದಿದೆ ಎಂದು ಅವರಿಗೆ ತೋರಿಸಿದವಳು ನಾನು. "ಈ ಐದರಲ್ಲಿ ನನಗ್ಯಾವುದು ಮಗಾ?" ಎಂದು ಕೇಳಿದಾಗ ಹಸಿರು ಚುಕ್ಕಿ ಎಂದವಳೂ ನಾನು. ಸಂಚಿಕೆ ಬಂದ ದಿನವೇ ಅಂಗಡಿಯಿಂದ ಅದೇ ಮಾದರಿಯ ಇನ್ನೊಂದನ್ನು ಕೊಂಡು ಮನೆಗೆ ತಂದು ಕಿಟಕಿಯ ಮೇಜಿನ ಮೇಲೆ ಇಟ್ಟುಕೊಟ್ಟಿದ್ದೆ. ನೆಟ್ಟಗೆ ಕೂತರೆ ಬೆನ್ನು ನೋಯುತ್ತದೆಂದು ಅವರು ಒರಗುವ ಕುರ್ಚಿಗೆ ಹೋಗಿ ಅದನ್ನು ತೊಡೆಗೇರಿಸಿಕೊಂಡಿದ್ದರೆ ಅದರಲ್ಲಿ ಅವರ ತಪ್ಪೇನು? ಪತ್ರಿಕೆಯಲ್ಲೇ ಬರೆದಿದೆಯಲ್ಲ.

ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ತು. ಅಪ್ಪನ ಡ್ಯೂಟಿ ಹತ್ತಕ್ಕೆ ಶುರು. ಆಟದಲ್ಲೂ ಅವರಿಗೆ ವೇಳಾಪಟ್ಟಿ ಉಂಟು. ಮಧ್ಯಾಹ್ನ ಒಂದೂ ಹತ್ತಕ್ಕೆ ಟ್ರಿಪ್ ಮುಗಿಯುವ ತನಕ ಸೀಟು ಬಿಟ್ಟು ಏಳುವವರಲ್ಲ. ಕಿವಿಗೆ ದೊಡ್ಡ ಹೆಡ್‌ಫೋನು. ಡ್ಯೂಟಿಯಲ್ಲಿದ್ದಾಗ ಯಾರಾದರೂ ಒಳಗೆ ಬಂದರೂ ಗೊತ್ತಾಗುವುದಿಲ್ಲವೆಂದು ಬಾಗಿಲಿಗೆ ಒಳಗಿನ ಚಿಲಕ ಬೇರೆ.

ಫೋನ್ ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಮೆಟ್ಟಿಲಿಳಿಯುತ್ತಾ ಇನ್ನೂ ನಾಲ್ಕು ಸಲ.

"ಎಲ್ಲಿಗಮ್ಮಾ, ಫೋಟೊ ಇನ್ನೂ..." ಎಂದು ಮೇಲಿನಿಂದ ಫೋಟೊಗ್ರಾಫರ್ ಕೂಗಿದ್ದು ಕೇಳಿಸಿತು.

"ಅದನ್ನ ಆಫ್ ಮಾಡಿ! ಮುಟ್ಟಬೇಡಿ, ಆಫ್ ಮಾಡಿ!" ಎಂದೆ. ಮುಟ್ಟದೆ ಹೇಗೆ ಆಫ್ ಮಾಡುವುದೆಂದು ಅವನು ಕೇಳಿರಬೇಕು.

ಬಸ್ಸು ಹತ್ತಿ ಚಾಲಕರ ಹಿಂದೆಯೇ ನಿಂತು ಟೈಲರಕ್ಕನಿಗೆ ಫೋನ್ ಹಚ್ಚಿದೆ. ಹೊಲಿಗೆ ಯಂತ್ರದ ಸದ್ದಿನ ನಡುವೆ ಅವರ ದನಿ ಬಂತು.

"ಹೇಳೇ."

"ಅಕ್ಕಾ, ಅಪ್ಪನ ಬಾಗಿಲು ಬಡೀರಿ. ಬೇಗ. ಲ್ಯಾಪ್‌ಟಾಪ್ ತೊಡೆ ಮೇಲಿಂದ ಇಳಿಸೋಕೆ ಹೇಳಿ."

"ಯಾಕೆ, ಏನಾಯ್ತು?"

"ಸುಡ್ತಿದೆ ಅದು. ಅವರಿಗೆ ಗೊತ್ತಾಗಲ್ಲ ಅಕ್ಕಾ, ಅವರ ಕಾಲಿಗೆ..."

ಟೈಲರಕ್ಕನಿಗೆ ಹೋದ ವರ್ಷದ ಹದಿನಾರು ದಿನ ಗೊತ್ತಿತ್ತು. ಯಂತ್ರದ ಸದ್ದು ನಿಂತಿತು. ಚಪ್ಪಲಿಯ ಸದ್ದು, ಆಮೇಲೆ ದಬದಬ ಬಾಗಿಲು ಬಡಿಯುವ ಸದ್ದು.

"ಅಣ್ಣಾ! ಓ ಡ್ರೈವರಣ್ಣಾ! ಬಾಗಿಲು ತೆಗೀರಿ! ... ತೆಗೀತಿಲ್ಲ ಕಣೇ. ಒಳಗಿಂದ ಅವರ ಮಾತು ಕೇಳ್ತಿದೆ. 'ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ' ಅಂತಿದಾರೆ. ಯಾರಿಗೆ?"

"ಆಟದಲ್ಲಿರೋ ಪ್ಯಾಸೆಂಜರ್‌ಗಳಿಗೆ."

"ಅಯ್ಯೋ ಶಿವನೇ. ಇಲ್ಲದವರಿಗೆಲ್ಲ ಬಾಗಿಲು ತೆಗೀತಾರೆ, ಇರೋಳು ನಾನು ಹೊರಗೆ ಬಾಯಿ ಬಡ್ಕೋತಿದೀನಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. "ಕಿಟಕಿ?" ಎಂದು ಕೇಳಿದೆ. ಕಿಟಕಿ ರಸ್ತೆಯ ಕಡೆಗಿದೆ, ಎರಡನೇ ಮಹಡಿ. ನಾನೇ ಕೇಳಿ ನಾನೇ ಉತ್ತರ ತಿಳಿದುಕೊಂಡೆ. "ಬಡೀತಾ ಇರಿ ಅಕ್ಕಾ, ಫೋನ್ ಇಡಬೇಡಿ."

ಮನೆಗೆ ಇನ್ನೂ ಏಳು ನಿಲ್ದಾಣ. ಅಪ್ಪನ ಆಟ ನಮ್ಮ ಪರೀಕ್ಷೆಯ ಆಟದಷ್ಟು ಭಾರವಲ್ಲ, ಐವತ್ತೇಳಾಗುವುದಿಲ್ಲ ಎಂದು ಲೆಕ್ಕ ಹಾಕಿದೆ. ನಲವತ್ತೆಂಟು? ಐವತ್ತು? ನಲವತ್ತೈದೇ ಆದರೂ ಗಂಟೆಗಟ್ಟಲೆ ಒಂದೇ ಕಡೆ ಒತ್ತಿದ್ದರೆ ಚರ್ಮ ಬೇಯುತ್ತದೆ. ಇದನ್ನು ನಾನೇ ಎರಡು ವರ್ಷದ ಹಿಂದೆ ವಿದ್ಯುತ್ ಹೊದಿಕೆಗಳ ಹೋಲಿಕೆಯಲ್ಲಿ ಚೌಕಟ್ಟು ಹಾಕಿ ಬರೆದಿದ್ದೆ. ಬರೆಯುವುದು ಸುಲಭ. ಪಕ್ಕದ ಸೀಟಿನಲ್ಲಿ ಒಬ್ಬರು ಟಿಫಿನ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅದು ಬಿಸಿ ಎನಿಸಿತೇನೋ, ಎತ್ತಿ ಪಕ್ಕಕ್ಕೆ ಇಟ್ಟರು. ಅಷ್ಟು ಸಣ್ಣ ಕೆಲಸ. ಅದು ಅಪ್ಪನಿಗೆ ಆಗುವುದಿಲ್ಲ. ನೋಡಲಾರದೆ ಮುಖ ತಿರುಗಿಸಿದೆ.

"ಅಮ್ಮಾ, ನನ್ನ ಬೆನ್ನಿಗೆ ಅಂಟ್ಕೊಂಡ್ರೆ ಬಸ್ಸೇನು ಹಾರಲ್ಲ," ಎಂದರು ಚಾಲಕರು, ತಿರುಗದೆಯೇ.

"ಸ್ವಲ್ಪ ಬೇಗ ಹೋಗಿ ಸರ್. ಮನೇಲಿ ತೊಂದರೆ."

"ಎಲ್ಲರ ಮನೇಲೂ ತೊಂದರೇನೇ. ಸಿಗ್ನಲ್ ಕೇಳ್ಬೇಕಲ್ಲ."

ಸಿಗ್ನಲ್ ದಾಟಿತು. ಐವತ್ತು ಮಾರು ಹೋಗಿಲ್ಲ, ಬಸ್ಸು ಒಮ್ಮೆ ಮುಗ್ಗರಿಸಿದಂತೆ ಜರ್ಕ್ ಹೊಡೆಯಿತು. ಇನ್ನೊಮ್ಮೆ. ಚಾಲಕರು ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿ, ಬಾಗಿಲು ತೆರೆದು ಇಳಿದೇಬಿಟ್ಟರು. ಹಿಂದಿನಿಂದ ಎಲ್ಲರೂ ಗೊಣಗಿದರು. "ಓಡುತ್ತೆ ಬಿಡಿ ಸ್ವಾಮೀ" ಎಂದರೊಬ್ಬರು. ಚಾಲಕರು ಕಿವಿಗೇ ಹಾಕಿಕೊಳ್ಳಲಿಲ್ಲ. ಬಗ್ಗಿ ಚಕ್ರ ನೋಡುತ್ತಿದ್ದರು. ನನಗೆ ಅಳು ಬಂತು. ಇವರೂ ಅಪ್ಪನ ಜಾತಿಯವರೇ, ಗಾಡಿ ಒಂದು ಸಲ ಜರ್ಕ್ ಹೊಡೆದರೆ ಸಾಕು, ಇಳಿದು ನೋಡದೆ ಮುಂದೆ ಹೋಗುವವರಲ್ಲ.

ಆಗ ಹೊಳೆಯಿತು.

ಪಟ್ಟಿಯ ಕೊನೆಯ ಕಂಬಸಾಲು: ಚಾರ್ಜರ್ ಕಿತ್ತಾಗ. ಅದೊಂದರಲ್ಲಿ ಹಸಿರು ಚುಕ್ಕಿಗೆ ಐದನೇ ಸ್ಥಾನ. ವಿದ್ಯುತ್ ನಿಂತ ಕ್ಷಣವೇ ಅದು ಬ್ಯಾಟರಿ ಉಳಿಸಲು ತನ್ನ ಶಕ್ತಿಯನ್ನು ಐದನೇ ಒಂದಕ್ಕೆ ಇಳಿಸಿಕೊಳ್ಳುತ್ತದೆ. ತೊಂಬತ್ತೇಳು ಚಿತ್ರ ಇದ್ದದ್ದು ಹತ್ತೊಂಬತ್ತಕ್ಕೆ ಬೀಳುತ್ತದೆ. ಬಿಸಿಯೂ ಇಳಿಯುತ್ತದೆ, ಆಟವೂ ಕುಂಟುತ್ತದೆ. 'ಗಂಭೀರ ದೋಷ' ಎಂದು ಬರೆದಿದ್ದೆ. ಅಪ್ಪ ಆಡುವುದು ಚಾರ್ಜರ್ ಹಚ್ಚಿಕೊಂಡೇ.

"ಅಕ್ಕಾ! ಮೆಟ್ಟಿಲ ಕೆಳಗೆ ಮೀಟರ್ ಬೋರ್ಡಿದೆಯಲ್ಲ, ನಮ್ಮ ಮನೆ ಮೇನ್ ಸ್ವಿಚ್ ಆಫ್ ಮಾಡಿ."

"ನಾನಾ? ಕರೆಂಟಾ? ನನಗೆ ಹೊಡೆದ್ರೆ ನಿನ್ನ ರವಿಕೆ ಯಾರು ಹೊಲೀತಾರೆ?"

"ಹೊಡೆಯಲ್ಲ ಅಕ್ಕಾ, ಪ್ಲಾಸ್ಟಿಕ್ ಹಿಡಿ. ಕೆಳಕ್ಕೆ ಎಳೆದ್ರೆ ಆಯ್ತು."

ಚಪ್ಪಲಿಗಳು ಮೆಟ್ಟಿಲಿಳಿದ ಸದ್ದು. "ಇಲ್ಲಿ ನಾಲ್ಕಿದೆ. ಯಾವುದೇ ನಿಮ್ಮದು?"

ನೆನಪಾಗಲಿಲ್ಲ. ಆರು ವರ್ಷದಿಂದ ಇರುವ ಮನೆ. ಕಂಡವರ ಮನೆಯ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಎಷ್ಟು ಕಿಂಡಿ ಇದೆಯೆಂದು ಹೇಳಬಲ್ಲೆ, ನನ್ನ ಮನೆಯ ಸ್ವಿಚ್ಚು ಯಾವುದೆಂದು ಗೊತ್ತಿಲ್ಲ. "ಎಡಗಡೆಯಿಂದ ಎರಡನೇದು," ಎಂದೆ, ಅಂದಾಜಿನ ಮೇಲೆ.

ಟಕ್ ಎಂಬ ಸದ್ದು. ತಕ್ಷಣ ಎಲ್ಲೋ ಮೇಲಿನಿಂದ ಗಂಡಸಿನ ದನಿ: "ಯಾರ್ರೀ ಅದು? ನಾನಿಲ್ಲಿ ಗಡ್ಡ ಅರ್ಧ ಬೋಳಿಸಿದೀನಿ!"

"ಮೇಲಿನ ಮಹಡಿಯವರದ್ದು ಕಣೇ! ... ಸ್ವಲ್ಪ ಇರೀ ಸ್ವಾಮೀ, ಅರ್ಧ ಗಡ್ಡಕ್ಕೆ ಯಾರೂ ಸಾಯಲ್ಲ!"

"ಮೂರನೇದು ಎಳೀರಿ. ಎಲ್ಲಾನೂ ಎಳೀರಿ ಅಕ್ಕಾ!"

ಟಕ್. ಟಕ್. ಟಕ್. ಆಮೇಲೆ ಟೈಲರಕ್ಕ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುವ ಸದ್ದು. ಆಮೇಲೆ ಏನೂ ಇಲ್ಲ.

ಚಾಲಕರು ಹತ್ತಿ ಬಂದು ಸೀಟಿನಲ್ಲಿ ಕೂತರು. ಬಸ್ಸು ಹೊರಟಿತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಎಣಿಸುತ್ತಿದ್ದೆ. ಪರೀಕ್ಷೆಯಲ್ಲಿ ಚಿತ್ರ ಇಳಿಯಲು ನಾಲ್ಕು ಸೆಕೆಂಡು ಹಿಡಿದಿತ್ತು. ಅಪ್ಪನಿಗೆ ತಿಳಿಯಲು ಐದು. ಬಸ್ಸನ್ನು ಪಕ್ಕಕ್ಕೆ ತೆಗೆದುಕೊಳ್ಳಲು ಹತ್ತು. ಪ್ಯಾಸೆಂಜರುಗಳಿಗೆ ಹೇಳಲು ಹತ್ತು, ಹೇಳದೆ ಇಳಿಯುವವರಲ್ಲ. ಮೂವತ್ತು ದಾಟಿತು. ಅರವತ್ತು ದಾಟಿತು. ಅವರು ಕುರ್ಚಿಯಲ್ಲೇ ಕೂತು ಕರೆಂಟು ಬರಲೆಂದು ಕಾಯುತ್ತಿದ್ದರೆ? ಎಚ್ಚರ ತಪ್ಪಿದ್ದರೆ? ಟೈಲರಕ್ಕನಿಗೆ ಮಾತು ಕೇಳಿಸಿದ್ದು ಯಾವಾಗ, ಐದು ನಿಮಿಷದ ಹಿಂದಾ, ಹತ್ತಾ? ತೊಂಬತ್ತು.

ಚಿಲಕ ಸರಿದ ಸದ್ದು.

"ಏನಮ್ಮಾ ಇದು, ನಿಮ್ಮನೇಲೂ ಕರೆಂಟ್ ಹೋಯ್ತಾ? ಒಳ್ಳೇ ಏರಲ್ಲಿ ಗಾಡಿ ನಿಂತೋಯ್ತು. ಇಡೀ ಬಸ್ ತುಂಬಾ ಜನ."

ಅಪ್ಪನ ದನಿ. ಕಂಬಿ ಬಿಟ್ಟು ಟಿಫಿನ್ ಡಬ್ಬಿಯವರ ಪಕ್ಕದಲ್ಲಿ ಕೂತೆ.

"ನಿಂತಿದಾರೆ ಕಣೇ. ವಾಕರ್ ಹಿಡ್ಕೊಂಡು ನಿಂತಿದಾರೆ. ನನ್ನ ಮೇಲೆ ರೇಗ್ತಿದಾರೆ."

"ತೊಡೆ ನೋಡಿ ಅಕ್ಕಾ. ಸುಟ್ಟಿದೆಯಾ?"

"ಏನೇ ಹೇಳ್ತಿದೀಯ? ನಾನು ಅವರ ಪೈಜಾಮ ಬಿಚ್ಚಿಸ್ಲಾ? ನೀನೇ ಬಂದು ನೋಡ್ಕೋ ಮಾರಾಯ್ತಿ. ಅಲ್ಲಿ ತನಕ ಕೂರಕ್ಕೆ ಬಿಡಲ್ಲ, ಅಷ್ಟೇ ನನ್ನ ಕೈಲಾಗೋದು."

ಹದಿನೈದು ನಿಮಿಷದ ನಂತರ ನಾನು ಮೇಲೆ ಬಂದಾಗ ಅಪ್ಪ ಇನ್ನೂ ನಿಂತೇ ಇದ್ದರು. ಟೈಲರಕ್ಕ ಕುರ್ಚಿಗೆ ಅಡ್ಡವಾಗಿ ನಿಂತಿದ್ದರು. ಲ್ಯಾಪ್‌ಟಾಪು ಕುರ್ಚಿಯ ಮೇಲೆ, ಪರದೆಯಲ್ಲಿ ಬಸ್ಸು ಏರು ರಸ್ತೆಯ ಪಕ್ಕಕ್ಕೆ ನಿಂತು ಇಂಡಿಕೇಟರ್ ಮಿನುಗಿಸುತ್ತಿತ್ತು.

"ಅಪ್ಪಾ, ಪೈಜಾಮ ತೆಗೀರಿ."

"ಏನು?"

"ತೆಗೀರಿ ಅಪ್ಪಾ. ದಮ್ಮಯ್ಯ."

ಟೈಲರಕ್ಕ ಗೋಡೆಯ ಕಡೆ ತಿರುಗಿ ನಿಂತರು. ನಾನು ಮಂಡಿಯೂರಿದೆ. ಬಟ್ಟೆ ಇಳಿಯಿತು.

ಎರಡೂ ತೊಡೆಯ ಮೇಲೆ ಬಿಸಿ ಮೂಡಿಸಿದ ಕಂದು ಬಣ್ಣದ ಬಲೆ. ಇವತ್ತಿನದಲ್ಲ, ಹನ್ನೊಂದು ದಿನ ನೇಯ್ದ ಬಲೆ. ಬಲ ತೊಡೆ ಕೆಂಪಗಾಗಿತ್ತು, ಅಷ್ಟೇ. ಲ್ಯಾಪ್‌ಟಾಪಿನ ಮೂಲೆ ಜಾರುತ್ತದೆಂದು ಅತ್ತ ಟವೆಲು ಮಡಚಿಟ್ಟುಕೊಳ್ಳುತ್ತಿದ್ದರಂತೆ. ಎಡ ತೊಡೆಯ ಮೇಲೆ ಗಾಳಿಕಿಂಡಿಯ ಗೆರೆಗಳು ಒಂದರ ಪಕ್ಕ ಒಂದು, ಸ್ಕೇಲಿಟ್ಟು ಎಳೆದ ಹಾಗೆ. ನಾನು ಎಣಿಸಬಲ್ಲ ಗೆರೆಗಳು. ಅವುಗಳ ನಡುವೆ ಒಂದು ನಾಣ್ಯದಷ್ಟಗಲ ನೀರುಗುಳ್ಳೆ.

ಅಪ್ಪ ಬಗ್ಗಿ ನೋಡಿದರು. ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿದರು.

"ಇದ್ಯಾವಾಗ ಆಯ್ತು?" ಎಂದರು.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ಬೈದರು. ಬೈಯುತ್ತಿದ್ದಾರೆಂದರೆ ಕೈಮೀರಿಲ್ಲ ಎಂದು ಗುಳ್ಳೆಗೆ ಮುಲಾಮು ಹಚ್ಚುತ್ತಿದ್ದ ನರ್ಸ್ ನನಗೆ ಕಣ್ಣಲ್ಲೇ ಹೇಳಿದಳು. "ಇಷ್ಟರಲ್ಲೇ ನಿಂತಿದೆ. ಮೇಲಿನ ಪದರ ಮಾತ್ರ. ಇನ್ನೊಂದು ಗಂಟೆ ಕೂತಿದ್ದಿದ್ರೆ ನನ್ನ ಮಾತೇ ಬೇರೆ ಇರ್ತಿತ್ತು," ಎಂದರು ಡಾಕ್ಟರು. "ಮೂರು ವಾರ ದಿನಾ ಡ್ರೆಸಿಂಗ್. ಮೊಣಕಾಲಿಂದ ಮೇಲೂ ಕಾಲೇ ಅಮ್ಮಾ, ಅದನ್ನೂ ನೋಡ್ಬೇಕು."

ಹೊರಗೆ ಬೆಂಚಿನ ಮೇಲೆ, ಹೋದ ವರ್ಷದ ಅದೇ ಬೆಂಚು, ಅಪ್ಪ ಜೇಬಿನಿಂದ ಪರ್ಸ್ ತೆಗೆದರು. ಅದರಿಂದ ನಾಲ್ಕು ಮಡಿಕೆಯ ಕಾಗದ. ನಮ್ಮ ಪತ್ರಿಕೆಯಿಂದ ಕತ್ತರಿಸಿದ ಪಟ್ಟಿ. ಕೆಳಗೆ ಸಣ್ಣ ಅಕ್ಷರದಲ್ಲಿ 'ಅಳತೆ' ಎಂದಿದ್ದ ಕಡೆ ನನ್ನ ಹೆಸರಿನ ಸುತ್ತ ಪೆನ್ನಿನ ಗುಂಡು.

"ನಲವತ್ತೊಂದು ಅಂತಿದೆಯಲ್ಲ ಮಗಾ. ನೀನೇ ಬರೆದಿರೋದು. ಅದಕ್ಕೇ ನಾನು..."

"ತಪ್ಪು ಬರೆದಿದೀನಿ ಅಪ್ಪಾ." ರಬ್ಬರಿನ ಕತೆಯೆಲ್ಲ ಹೇಳಿದೆ. ಹೇಳುತ್ತಾ ಜೇಬಿಗೆ ಕೈಹಾಕಿದರೆ ಅವೆರಡೂ ಅಲ್ಲೇ ಇದ್ದವು. ತೆಗೆದು ಅವರ ಕೈಗಿಟ್ಟೆ. ಅಪ್ಪ ಅವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಈ ಪುಸ್ತಕ ಎಷ್ಟು ಜನ ತಗೋತಾರೆ?"

ನಾನು ಬಸ್ಸು ಹತ್ತಿದಾಗಿನಿಂದ ಮನಸ್ಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಟ್ಟಿದ್ದ ಪ್ರಶ್ನೆ ಅದೇ. "ಗೊತ್ತಿಲ್ಲಪ್ಪಾ. ತುಂಬಾ ಜನ. ಕೆಲಸ ಹೋಗುತ್ತೋ ಏನೋ."

"ಹೋಗ್ಬಹುದು," ಎಂದರು ಅಪ್ಪ. ಸುಳ್ಳು ಸಮಾಧಾನ ಅವರಿಗೆ ಎಂದೂ ಬಂದಿದ್ದಿಲ್ಲ. "ನಾನು ಮೂವತ್ತನಾಲ್ಕು ವರ್ಷದಲ್ಲಿ ಎರಡು ಸಲ ಗಾಡಿ ತಾಗಿಸಿದೀನಿ. ಎರಡು ಸಲಾನೂ ಗಾಡಿ ನಿಲ್ಲಿಸಿ ಇಳಿದೆ. ಇಳಿಯುವಾಗ ಕಾಲು ಗಡಗಡ ನಡುಗ್ತಿತ್ತು. ಆವಾಗ ಕಾಲಿಗೆ ಎಲ್ಲಾ ಗೊತ್ತಾಗ್ತಿತ್ತಲ್ಲ." ರಬ್ಬರನ್ನು ನನಗೆ ವಾಪಸು ಕೊಟ್ಟರು. "ಫೋನ್ ಮಾಡು."

ನಮ್ಮ ಸಂಪಾದಕರಿಗೆ ನಾವಿಟ್ಟ ಹೆಸರು ಅಲ್ಪವಿರಾಮ. ಅವರ ಮಾತು ಎಲ್ಲೂ ಮುಗಿಯುವುದಿಲ್ಲ. ಫೋನಿನಲ್ಲಿ ನಾನು ಎಲ್ಲ ಹೇಳಿದೆ. ಅವರಿಗೂ ಹೆದರಿಕೆಯಾಗಿತ್ತು.

"ಐದನ್ನೂ ಮತ್ತೆ ಅಳೆಯಿರಿ. ನಾಳೆಯೇ," ಎಂದರು. "ಇವತ್ತು ನಾನು ವೆಬ್‌ಸೈಟಿನಿಂದ ಪಟ್ಟಿ ತೆಗೀತೀನಿ. ಎಚ್ಚರಿಕೆ ನೀವು ಬರೀರಿ." ಪೂರ್ಣವಿರಾಮ. ನನ್ನ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ರಾತ್ರಿಯಿಡೀ ಯೋಚಿಸುವ ವಿಷಯ ನನಗೆ ಸಿಕ್ಕಿತು.

ಮರುದಿನ ಬೆಳಗ್ಗೆ ಅಪ್ಪನ ಡ್ರೆಸಿಂಗ್ ಮುಗಿಸಿ, ಟಾರ್ಚು ಹಿಡಿದು ಸೊಂಟದ ತನಕ ನೋಡಿದೆ. ಅಪ್ಪ ಚಾವಣಿ ನೋಡುತ್ತಿದ್ದರು. "ಹೆಡ್‌ಲೈಟ್ ಸರಿಯಾಗಿ ಹಿಡಿ," ಎಂದರು. ಟೈಲರಕ್ಕ ಬಟ್ಟೆ ಕತ್ತರಿಸುವ ಹಲಗೆಯೊಂದನ್ನು ತಂದು ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟು, "ಇನ್ಮೇಲೆ ಬಸ್ಸು ಸೇತುವೆ ಮೇಲೆ ಓಡ್ಲಿ" ಎಂದರು. ಅದರ ಮೇಲೆ ಲ್ಯಾಪ್‌ಟಾಪು ಇಟ್ಟು, ಹಿಂದಿನ ಎರಡು ಮೂಲೆಗೆ ಆ ಎರಡು ರಬ್ಬರ್ ಇಟ್ಟೆ. ಹಲಗೆಯ ಅಡಿಯಲ್ಲಿ ಕೈಯಿಟ್ಟು ನೋಡಿದೆ. ಮತ್ತೆ ನೋಡಿದೆ. ಮೂರನೇ ಸಲ ಕೈಯಿಟ್ಟಾಗ ಅಪ್ಪ, "ಹೋಗು ಮಗಾ, ಲೇಟಾಗುತ್ತೆ" ಎಂದರು.

ಆಫೀಸಿನಲ್ಲಿ ಅಳತೆಯ ಮೇಜನ್ನು ಬಿಟ್ಟು ಕುರ್ಚಿಯ ಮೇಲೆ ಕೂತೆ. ತೆಳು ಹತ್ತಿಯ ಪೈಜಾಮ ಹಾಕಿಕೊಂಡು ಹೋಗಿದ್ದೆ. ಹಸಿರು ಚುಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಆಟ ಹಚ್ಚಿ ಗಡಿಯಾರ ಒತ್ತಿದೆ. ಪಟ್ಟಿಯಲ್ಲಿ ಹೊಸ ಕಂಬಸಾಲಿಗೆ ಗೆರೆ ಎಳೆದಿದ್ದೆ: ತೊಡೆಯ ಮೇಲೆ, ತಾಳಿದ ಸಮಯ. ಹಲ್ಲು ಕಚ್ಚಿ, ಪರದೆಯ ಮೇಲೆ ಕಣ್ಣಿಟ್ಟು ಕೂತೆ. ಮೂರು ನಿಮಿಷಕ್ಕೆ ಬೆವರು. ಐದಕ್ಕೆ ಕಣ್ಣಲ್ಲಿ ನೀರು. ಆರು ನಿಮಿಷ ನಲವತ್ತು ಸೆಕೆಂಡಿಗೆ ಕೈ ತಾನಾಗಿಯೇ ಅದನ್ನು ಎತ್ತಿ ಪಕ್ಕಕ್ಕೆ ಇಟ್ಟುಬಿಟ್ಟಿತು.

ಮೂರು ಸಲ ಅಳೆಯಬೇಕು. ತೊಡೆಯನ್ನು ಎರಡು ನಿಮಿಷ ಉಜ್ಜಿಕೊಂಡು, ಎರಡನೇ ಸಲಕ್ಕೆ ಅದನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡೆ.